ಸೊಮಾಲಿಯಾದ ರಾಜ್ಯಚರಿತ್ರೆಯೂ ಕವಿಗಳ ಮರುನುಡಿಯೂ

೧

ಆಫ್ರಿಕ ಖಂಡದ ಪೂರ್ವದ ತುದಿಯಲ್ಲಿ, ಏಡನ್ ಕೊಲ್ಲಿಗೂ ಹಿಂದೂ ಮಹಾಸಾಗರಕ್ಕೂ ನಡುವೆ ಕೊಂಬಿನಂತೆ ಚಾಚಿಕೊಂಡಿರುವ ಸೊಮಾಲಿಯಾ ದೇಶಕ್ಕೆ ಲೋಕದಲ್ಲಿ ಎರಡು ಬಗೆಯ ಹೆಸರು ಬಂದಿದೆ. ಮೊದಲನೆಯದು ಹಳೆಯದು. ೧೮೫೬ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಆಂಗ್ಲ ಸಂಚಾರಿ ರಿಚರ್ಡ್ ಬರ್ಟನ್ನನು ಈ ನಾಡಿನಲ್ಲಿ ಕವಿಗಳು ವಿಪುಲವಾಗಿರುವರೆಂದು ಬರೆದನು; ಅಂದಿನಿಂದ ‘ಕವಿಗಳ ನಾಡು’ ಎಂಬ ಮಾತು ಗ್ರಂಥದಿಂದ ಗ್ರಂಥಕ್ಕೆ ಇಳಿದು ಬಂದಿದೆ. ಎರಡನೆಯದು ಇತ್ತೀಚಿನದು. ೧೯೯೧ರ ಜನವರಿಯಲ್ಲಿ ಮೊಗದಿಶು ನಗರದ ಸರ್ಕಾರವು ಕುಸಿದುಬಿದ್ದ ಮೇಲೆ ರಾಜ್ಯಶಾಸ್ತ್ರಜ್ಞರು ಅರಾಜಕತೆಗೆ ಉದಾಹರಣೆ ಬೇಕಾದಾಗಲೆಲ್ಲ ಈ ದೇಶದ ಹೆಸರನ್ನೇ ಎತ್ತಿಕೊಳ್ಳುತ್ತ ಬಂದಿರುವರು. ಈ ಎರಡು ಕೀರ್ತಿಗಳೂ ಒಂದನ್ನೊಂದು ಅರಿಯದಂತೆ ಅಕ್ಕಪಕ್ಕದಲ್ಲಿ ಇವೆ. ಕಾವ್ಯವನ್ನು ಹೊಗಳುವವರು ಯುದ್ಧವನ್ನು ಅಡಿಟಿಪ್ಪಣಿಗೆ ತಳ್ಳುವರು. ಯುದ್ಧವನ್ನು ವಿವರಿಸುವವರು ಕಾವ್ಯವನ್ನು ಪೀಠಿಕೆಯ ಅಲಂಕಾರವಾಗಿ ಮಾತ್ರ ಬಳಸುವರು.

ಆದರೆ ಸೊಮಾಲಿ ಜನರಲ್ಲಿ ಕಾವ್ಯವು ವಿರಾಮಕಾಲದ ವಿನೋದವಾಗಿರಲಿಲ್ಲ. ಒಂಟೆಗಳನ್ನು ಮೇಯಿಸುತ್ತ ನೀರಿನಿಂದ ನೀರಿಗೆ ಸಂಚರಿಸುತ್ತಿದ್ದ ಆ ಸಮಾಜದಲ್ಲಿ ಕುಲಕುಲಗಳ ವ್ಯಾಜ್ಯ, ಸಂಧಾನ, ಸಮರಘೋಷಣೆ, ಕ್ಷಮಾಯಾಚನೆ ಇವೆಲ್ಲ ಪದ್ಯದ ಮೂಲಕವೇ ನಡೆಯುತ್ತಿದ್ದುವು. ಇಂತಿರಲು, ರಾಜಕಾರಣವೇ ಪದ್ಯರೂಪದಲ್ಲಿ ನಡೆದ ನಾಡಿನಲ್ಲಿ ರಾಜ್ಯವು ಒಡೆದುದಕ್ಕೂ ಕಾವ್ಯದ ಗತಿಗೂ ಸಂಬಂಧವುಂಟೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಉಂಟೆಂದೂ, ಆ ಸಂಬಂಧವು ಕಾವ್ಯದ ಸೌಂದರ್ಯದಲ್ಲಿರದೆ ಅದರ ಒಂದು ಕಟ್ಟಳೆಯಲ್ಲಿ, ಎಂದರೆ ಆಡಿದ ಮಾತಿಗೆ ಮರುನುಡಿ ಪಡೆಯಲೇಬೇಕಾದ ಕಟ್ಟಳೆಯಲ್ಲಿ, ಇರುವುದೆಂದೂ ತೋರಿಸುವುದು ಈ ವಿಮರ್ಶೆಯ ಉದ್ದೇಶ.

೨

ಮೊದಲು ಛಂದಸ್ಸಿನ ವಿಚಾರ. ಕನ್ನಡದ ಹಳೆಯ ಪದ್ಯಗಳಲ್ಲಿ ಪ್ರಾಸವು ಪಾದಪಾದದ ಎರಡನೆಯ ಅಕ್ಷರದಲ್ಲಿ ನೆಲಸಿ, ಪದ್ಯ ಮುಗಿದೊಡನೆ ತಾನೂ ಮುಗಿಯುತ್ತದೆ. ಸೊಮಾಲಿಯಲ್ಲಾದರೋ ಅದು ಪದದ ಮೊದಲ ಧ್ವನಿಯಲ್ಲಿ ನಿಲ್ಲುತ್ತದೆ. ಕವಿ ಒಂದು ವ್ಯಂಜನವನ್ನು ಹಿಡಿದನೆಂದರೆ ಇಡಿಯ ಕೃತಿ ಮುಗಿಯುವವರೆಗೂ ಅದನ್ನು ಬಿಡುವಂತಿಲ್ಲ. ‘ಗಬೈ’ ಎಂಬ ಗಂಭೀರ ಪದ್ಯಜಾತಿಯಲ್ಲಿ ಪ್ರತಿ ಸಾಲೂ ಎರಡು ಭಾಗವಾಗಿ, ಎರಡು ಭಾಗದಲ್ಲಿಯೂ ಆ ಧ್ವನಿಯಿಂದ ಮೊದಲಾಗುವ ಒಂದೊಂದು ಪದ ಬರಲೇಬೇಕು. ಸ್ವರಗಳೆಲ್ಲವನ್ನೂ ಪ್ರಾಸಕ್ಕೆ ಒಂದೇ ಎಂದು ಎಣಿಸುವರು. ಇದರ ಜೊತೆಗೆ ಸಾಲಿನ ಅಳತೆಯೂ ಉಂಟು. ಆ ಅಳತೆ ಮಾತ್ರೆಗಳ ಎಣಿಕೆಯನ್ನು ಅವಲಂಬಿಸಿದೆ ಎಂಬುದನ್ನು ಕವಿ ಗಾರಿಯೆ ೧೯೭೬ರಲ್ಲಿ ಮೊಗದಿಶುವಿನ ದಿನಪತ್ರಿಕೆಯಲ್ಲಿ ಬರೆದ ಲೇಖನಗಳಲ್ಲಿ ವಿವರಿಸಿದನು. ಅದುವರೆಗೆ ಕವಿಗಳು ಲಕ್ಷಣವನ್ನು ಹೇಳಲಾರದಿದ್ದರೂ ಲಕ್ಷ್ಯದಲ್ಲಿ ತಪ್ಪುತ್ತಿರಲಿಲ್ಲ.

ಇಷ್ಟು ಬಿಗಿಯಾದ ಕಟ್ಟು ಏತಕ್ಕೆ? ಲಿಪಿಯಿಲ್ಲದ ಕಾವ್ಯಕ್ಕೆ ಅದೇ ಕಾವಲು. ಪಠಿಸುವವನು ಒಂದು ಪದವನ್ನು ತನ್ನಿಚ್ಛೆಯಂತೆ ಬದಲಿಸಿದರೆ ಪ್ರಾಸ ಕೆಡುತ್ತದೆ, ಇಲ್ಲವೆ ಮಾತ್ರೆ ತಪ್ಪುತ್ತದೆ; ಕೇಳುವವನ ಕಿವಿ ಒಡನೆಯೇ ಕಳ್ಳನನ್ನು ಹಿಡಿಯುತ್ತದೆ. ಅನೇಕ ಜಾನಪದ ಪರಂಪರೆಗಳಲ್ಲಿ ಹಾಡುವವನು ಕಥೆಯನ್ನು ಹಿಗ್ಗಿಸಿ ಕುಗ್ಗಿಸಿ ಹೇಳಲು ಸ್ವತಂತ್ರನು. ಸೊಮಾಲಿಯ ಪ್ರೌಢಕಾವ್ಯದಲ್ಲಿ ಆ ಸ್ವಾತಂತ್ರ್ಯವಿಲ್ಲ. ಪಾಠಕನು ಮೊದಲು ಕವಿಯ ಹೆಸರನ್ನು ಹೇಳಬೇಕು. ಬಳಿಕ ಕವಿಯ ಮಾತನ್ನು ಇದ್ದಂತೆಯೇ ಒಪ್ಪಿಸಬೇಕು. ಸೊಮಾಲಿ ಸಾಹಿತ್ಯವನ್ನು ಆಳವಾಗಿ ಅಭ್ಯಸಿಸಿದ ಆಂಡ್ರ್ಝೆಯೆವ್ಸ್ಕಿ ಎಂಬ ವಿದ್ವಾಂಸನು ಇದನ್ನು ಬರೆಯದೆ ಇರುವ ಗ್ರಂಥಸ್ವಾಮ್ಯದ ಶಾಸನಕ್ಕೆ ಹೋಲಿಸಿರುವನು. ಕವಿಗೆ ಮಾನ ತರುವುದು ಈ ನಿಯಮದ ಒಂದು ಮುಖ ಮಾತ್ರ. ಹೆಸರು ಅಂಟಿಕೊಂಡ ಮಾತಿಗೆ ಹೊಣೆಯೂ ಅಂಟಿಕೊಳ್ಳುತ್ತದೆ. ನಿಂದೆಯಾಡಿದವನು ‘ಆಡಿಲ್ಲ’ ಎನ್ನುವಂತಿಲ್ಲ. ಎದುರು ಕುಲದ ಕವಿ ಅದಕ್ಕೆ ಪದ್ಯದಲ್ಲಿಯೇ ಉತ್ತರ ಕೊಡುವನು, ಉತ್ತರಕ್ಕೆ ಪ್ರತ್ಯುತ್ತರ ಹುಟ್ಟುವುದು. ಕರ್ತೃವಿನ ಹೆಸರು, ಪಾಠದ ಶುದ್ಧಿ, ಮರುನುಡಿಯ ಹಕ್ಕು ಈ ಮೂರೂ ಕೂಡಿಯೇ ಸೊಮಾಲಿ ಕಾವ್ಯವನ್ನು ಸಾರ್ವಜನಿಕ ಸಂಸ್ಥೆಯನ್ನಾಗಿ ಮಾಡಿದುವು.

ಈ ಸಂಸ್ಥೆಯನ್ನು ಶಾಂತಿಧಾಮವೆಂದು ಬಗೆಯುವುದು ತಪ್ಪು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಲಿ ಧೂಹ್ ಎಂಬ ಕವಿ ಆರಂಭಿಸಿದ, ಕಮಾನ್ ಬುಲ್ಹಾನ್, ಸಲಾನ್ ಅರ್ರಬೇ ಮೊದಲಾದವರು ಮುಂದುವರಿಸಿದ ಪದ್ಯಮಾಲೆಗೆ ‘ಗುಬ’ ಎಂದು ಹೆಸರು. ಸುಡುವುದೆಂದು ಅದರ ಅರ್ಥ. ಸೋತ ಕುಲದ ಹಳೆಯ ಗಾಯವನ್ನು ಕೆದಕಿ ನೆನಪಿಸುವ ಆ ಪದ್ಯಗಳು ಹೆಸರಿಗೆ ತಕ್ಕಂತೆ ದ್ವೇಷವನ್ನು ಉರಿಸಿದುವು. ಮರುನುಡಿಯ ಹಕ್ಕು ಎಲ್ಲರಿಗೂ ಸಮನಾಗಿ ಇತ್ತೆಂದೂ ಹೇಳುವಂತಿಲ್ಲ. ‘ಬುರಾಂಬುರ್’ ಎಂಬ ಪದ್ಯಜಾತಿ ಹೆಂಗಸರದು. ಅದು ಮದುವೆ ಮುಂತಾದ ಕೂಟಗಳಲ್ಲಿ ಮೆರೆದರೂ, ಗಂಡಸರ ಕುಲಸಭೆಯಲ್ಲಿ ಗಬೈಗೆ ಸಲ್ಲುತ್ತಿದ್ದ ಮನ್ನಣೆ ಅದಕ್ಕೆ ದೊರೆಯಲಿಲ್ಲ. ಆದುದರಿಂದ ಈ ಕಾವ್ಯಪದ್ಧತಿಯ ಗುಣವನ್ನು ಸೌಮ್ಯತೆಯಲ್ಲಿ ಅರಸದೆ ಜವಾಬ್ದಾರಿಯಲ್ಲಿ ಅರಸತಕ್ಕುದು. ಅದು ಕಲಹವನ್ನು ತಡೆಯಲಿಲ್ಲ; ಕಲಹದ ಮಾತಿಗೆ ಒಡೆಯನಿರುವಂತೆ ಮಾತ್ರ ನೋಡಿಕೊಂಡಿತು.

೩

ಪರಕೀಯರೊಡನೆ ಹೋರಾಟ ಒದಗಿದಾಗಲೂ ಈ ಪದ್ಧತಿಯೇ ಆಯುಧವಾಯಿತು. ಸಯ್ಯಿದ್ ಮೊಹಮ್ಮದ್ ಅಬ್ದುಲ್ಲಾ ಹಸನನು ೧೮೯೯ರಿಂದ ೧೯೨೦ರವರೆಗೆ ಬ್ರಿಟಿಷರು, ಇಟಲಿಯವರು, ಇಥಿಯೋಪಿಯದವರು ಈ ಮೂವರನ್ನೂ ಎದುರಿಸಿ ನಿಂತ ದರ್ವೇಶಿ ದಂಡಿನ ನಾಯಕನು. ಅಷ್ಟೇ ಅಲ್ಲ, ತನ್ನ ಭಾಷೆಯ ಅಗ್ರಗಣ್ಯ ಕವಿ. ೧೯೧೩ರ ಆಗಸ್ಟಿನಲ್ಲಿ ಡುಲ್ ಮಡೋಬದ ಕಾಳಗದಲ್ಲಿ ರಿಚರ್ಡ್ ಕಾರ್ಫೀಲ್ಡ್ ಎಂಬ ಬ್ರಿಟಿಷ್ ಅಧಿಕಾರಿ ಮಡಿದಾಗ ಸಯ್ಯಿದನು ರಚಿಸಿದ ಪದ್ಯವು ಸತ್ತವನನ್ನೇ ಸಂಬೋಧಿಸಿ, ಪರಲೋಕದಲ್ಲಿ ತನ್ನ ಸೋಲಿನ ವಾರ್ತೆಯನ್ನು ತಾನೇ ತಲಪಿಸುವಂತೆ ಅವನಿಗೆ ಆಜ್ಞೆ ಮಾಡುತ್ತದೆ. ಇದರ ಕ್ರೌರ್ಯ ಅಲ್ಲಗಳೆಯುವಂಥದಲ್ಲ. ಆದರೆ ಇದರಲ್ಲಿಯೂ ಆ ಹಳೆಯ ಕಟ್ಟಳೆ ಕೆಲಸಮಾಡುತ್ತಿರುವುದನ್ನು ಗಮನಿಸಬೇಕು: ಶತ್ರುವಿಗೆ ಹೆಸರುಂಟು, ಆಡುವವನಿಗೆ ಹೆಸರುಂಟು, ಸಂದೇಶವು ಬಹಿರಂಗ. ಸಯ್ಯಿದನ ಕೈಯಲ್ಲಿ ನೊಂದ ಸೊಮಾಲಿಗಳ ಸಂಖ್ಯೆ ಸ್ವಲ್ಪವಲ್ಲ. ಅವನ ವಿರೋಧಿಗಳಾದ ಸೊಮಾಲಿ ಕವಿಗಳು ಅವನನ್ನು ಪದ್ಯದಲ್ಲಿಯೇ ಖಂಡಿಸಿದರು, ಆ ಖಂಡನೆಯೂ ಜನರ ನಾಲಗೆಯಲ್ಲಿ ಉಳಿಯಿತು. ೧೯೨೦ರ ಆರಂಭದಲ್ಲಿ ಬ್ರಿಟಿಷ್ ವಿಮಾನಗಳು ದರ್ವೇಶಿಗಳ ನೆಲೆಗಳ ಮೇಲೆ ಬಾಂಬುಗಳನ್ನು ಸುರಿದು, ತಲೇಹದ ಕೋಟೆ ಕೈಬಿಟ್ಟುಹೋಯಿತು; ಆ ವರ್ಷದ ಕೊನೆಯಲ್ಲಿ ಸಯ್ಯಿದನು ಗತಿಸಿದನು. ಗೆದ್ದವರಿಗೆ ಅವನ ಕೋಟೆ ದಕ್ಕಿತು, ಪದ್ಯಗಳು ದಕ್ಕಲಿಲ್ಲ.

ಸೊಮಾಲಿಗಳು ನೆಲಸಿದ ಭೂಮಿಯನ್ನು ಪರಕೀಯರು ಐದು ಪಾಲು ಮಾಡಿದ್ದರು: ಬ್ರಿಟಿಷ್ ಭಾಗ, ಇಟಲಿಯ ಭಾಗ, ಫ್ರೆಂಚರ ಜಿಬೂತಿ, ಇಥಿಯೋಪಿಯಕ್ಕೆ ಸೇರಿದ ಒಗಾದೇನ್, ಕೀನ್ಯದ ಉತ್ತರಪ್ರಾಂತ. ೧೯೬೦ರ ಜೂನ್ ೨೬ರಂದು ಬ್ರಿಟಿಷ್ ಭಾಗವು ಸ್ವತಂತ್ರವಾಗಿ, ಜುಲೈ ೧ರಂದು ಇಟಲಿಯ ಭಾಗದೊಡನೆ ಕೂಡಿ ಗಣರಾಜ್ಯವಾಯಿತು. ಧ್ವಜದ ನಕ್ಷತ್ರಕ್ಕೆ ಐದು ಮೊನೆಗಳನ್ನಿಟ್ಟುದು ಉಳಿದ ಮೂರನ್ನು ಮರೆತಿಲ್ಲವೆಂಬುದರ ಗುರುತು. ಹರ್ಗೇಸದಲ್ಲಿ ಆ ಧ್ವಜವೇರಿದಾಗ ತಿಮಾಅದ್ದೆ ಎಂಬ ಕವಿ ಸ್ವಾಗತಗೀತವನ್ನು ಹಾಡಿದನು. ಅದೇ ಕವಿ ಕೆಲವು ವರ್ಷಗಳೊಳಗೆ ಕುಲಾಭಿಮಾನವನ್ನು ಖಂಡಿಸಿ ಕಟುವಾದ ಪದ್ಯಗಳನ್ನು ರಚಿಸಬೇಕಾಗಿ ಬಂದುದು ಆ ಗಣರಾಜ್ಯದ ಚರಿತ್ರೆಯನ್ನೇ ಹೇಳುತ್ತದೆ. ೧೯೬೯ರ ಮಾರ್ಚಿ ಚುನಾವಣೆಯಲ್ಲಿ ೧೨೩ ಸ್ಥಾನಗಳಿಗಾಗಿ ಅರುವತ್ತಕ್ಕೂ ಹೆಚ್ಚು ಪಕ್ಷಗಳು ಸ್ಪರ್ಧಿಸಿದುವು. ಅವುಗಳಲ್ಲಿ ಬಹಳಷ್ಟು ಪಕ್ಷದ ವೇಷ ತೊಟ್ಟ ಕುಲಗಳೇ. ಅಕ್ಟೋಬರ್ ೧೫ರಂದು ಅಧ್ಯಕ್ಷ ಅಬ್ದಿರಶೀದ್ ಶರ್ಮಾರ್ಕೆ ಕೊಲೆಯಾದನು. ೨೧ರಂದು ಸೇನಾಪತಿ ಸಿಯಾದ್ ಬರ್ರೆ ಅಧಿಕಾರವನ್ನು ವಶಪಡಿಸಿಕೊಂಡನು.

೪

ಸಿಯಾದ್ ಬರ್ರೆಯ ಆಳಿಕೆಯನ್ನು ಕುರಿತು ನ್ಯಾಯವಾಗಿ ಹೇಳತಕ್ಕ ಮಾತೊಂದುಂಟು. ಅರಬ್ಬಿ ಲಿಪಿಯೋ, ಲ್ಯಾಟಿನ್ ಲಿಪಿಯೋ, ಒಸ್ಮಾನಿಯವೆಂಬ ದೇಶೀಯ ಲಿಪಿಯೋ ಎಂದು ವರ್ಷಗಟ್ಟಲೆ ಬಗೆಹರಿಯದಿದ್ದ ವಿವಾದವನ್ನು ಅದು ೧೯೭೨ರ ಅಕ್ಟೋಬರಿನಲ್ಲಿ ಲ್ಯಾಟಿನ್ ಲಿಪಿಯನ್ನು ಅಂಗೀಕರಿಸಿ ಮುಗಿಸಿತು. ೧೯೭೪–೭೫ರಲ್ಲಿ ಶಾಲೆಯ ಹುಡುಗರನ್ನೇ ಗುರುಗಳನ್ನಾಗಿ ಮಾಡಿ ಹಳ್ಳಿಗಾಡಿಗೆ ಕಳುಹಿಸಿ ಅಕ್ಷರಪ್ರಚಾರವನ್ನು ನಡೆಸಿತು. ಸಯ್ಯಿದನ ಪದ್ಯಗಳು ೧೯೭೪ರಲ್ಲಿ ಮೊಗದಿಶುವಿನಲ್ಲಿ ಗ್ರಂಥರೂಪವಾಗಿ ಹೊರಬಂದುವು. ಇದು ಸಾಮಾನ್ಯವಾದ ಸೇವೆಯಲ್ಲ.

ಆದರೆ ಲಿಪಿಯನ್ನು ಕೊಟ್ಟ ಕೈಯೇ ನಾಲಗೆಯನ್ನು ಹಿಡಿಯಿತು. ಪತ್ರಿಕೆ, ರೇಡಿಯೋ, ನಾಟಕಶಾಲೆ ಎಲ್ಲವೂ ಸರ್ಕಾರದವು. ಕುಲದ ಹೆಸರೆತ್ತುವುದು ಅಪರಾಧವೆಂದು ಸಾರಿ, ೧೯೭೧ರಲ್ಲಿ ಕುಲಾಭಿಮಾನದ ಪ್ರತಿಕೃತಿಗಳನ್ನು ಬಹಿರಂಗವಾಗಿ ಸುಟ್ಟರು. ಆಳುವವರು ಮಾತ್ರ ಹತ್ತಿರದ ಕುಲಗಳನ್ನೇ ನೆಚ್ಚಿಕೊಂಡಿದ್ದರು. ಸೇನಾಪತಿಯ ಸ್ತುತಿಗೀತವನ್ನು ಸಭೆಸಭೆಯಲ್ಲಿ ಹಾಡಿಸಿದರು. ಇಲ್ಲಿ ನಡೆದ ವ್ಯತ್ಯಾಸ ಸೂಕ್ಷ್ಮವಾದರೂ ಗಹನವಾದುದು. ಕುಲಕವಿಯ ಸ್ತುತಿಗೆ ಮತ್ತೊಂದು ಕುಲದ ಕವಿ ನಿಂದೆಯಿಂದ ಉತ್ತರಿಸಬಹುದಾಗಿತ್ತು. ಸರ್ಕಾರದ ಧ್ವನಿವರ್ಧಕದಿಂದ ಬಂದ ಸ್ತುತಿಗೆ ಉತ್ತರವಿರಲಿಲ್ಲ, ಉತ್ತರಕೊಟ್ಟವನಿಗೆ ಸೆರೆಮನೆಯಿತ್ತು. ‘ಹದ್ರಾವಿ’ ಎಂದು ಪ್ರಸಿದ್ಧನಾದ ಮೊಹಮ್ಮದ್ ಇಬ್ರಾಹಿಂ ವರ್ಸಮೆ ತನ್ನ ಕೃತಿಗಳಲ್ಲಿ ಧ್ವನಿತವಾದ ವಿಡಂಬನೆಗಾಗಿ ೧೯೭೩ರಿಂದ ೧೯೭೮ರವರೆಗೆ ಸೆರೆಯಲ್ಲಿ ಕಳೆದನು.

ಒಗಾದೇನಿಗಾಗಿ ಇಥಿಯೋಪಿಯದೊಡನೆ ೧೯೭೭ರಲ್ಲಿ ಹೂಡಿದ ಯುದ್ಧವು ಮರುವರ್ಷದ ಮಾರ್ಚಿಯಲ್ಲಿ ಸೋಲಾಗಿ ಮುಗಿಯಿತು. ಸೋವಿಯತ್ ದೇಶವು ಅಷ್ಟರಲ್ಲಿ ಎದುರುಪಕ್ಷವನ್ನು ಸೇರಿತ್ತು. ಕ್ಯೂಬದ ಸೈನಿಕರೂ ಇಥಿಯೋಪಿಯದ ಕಡೆ ಹೋರಾಡಿದರು. ಸೋಲಿನ ಹಿಂದೆಯೇ ಒಳಗಿನ ಬಿರುಕುಗಳು ತಲೆದೋರಿದುವು. ಆಗ, ೧೯೭೯–೮೦ರಲ್ಲಿ, ಗಾರಿಯೆಯ ಪದ್ಯವೊಂದರಿಂದ ಮೊದಲಾಗಿ ‘ದೇಲ್ಲೇ’ ಎಂಬ ಪದ್ಯಸರಣಿ ಹುಟ್ಟಿತು. ದಕಾರವೇ ಅದರ ಪ್ರಾಸ. ಸರಣಿಯನ್ನು ಸೇರಬಯಸುವ ಯಾವ ಕವಿಯಾದರೂ ದಕಾರದಲ್ಲಿಯೇ ನುಡಿಯಬೇಕು. ಕುಲಪಕ್ಷಪಾತ, ದುರಾಡಳಿತ ಇವು ಅದರ ವಸ್ತು. ಹದ್ರಾವಿಯೇ ಮೊದಲಾಗಿ ಅನೇಕ ಕವಿಗಳು, ಸರ್ಕಾರದ ಪರವಾಗಿ ನುಡಿದವರೂ ಸೇರಿ, ಅದರಲ್ಲಿ ಭಾಗಿಗಳಾದರು. ರೇಡಿಯೋ ಪ್ರಸಾರಮಾಡದ ಈ ಪದ್ಯಗಳನ್ನು ಜನರು ಕ್ಯಾಸೆಟ್ಟುಗಳಲ್ಲಿ ತುಂಬಿಕೊಂಡು, ಒಂದರಿಂದ ಹತ್ತು, ಹತ್ತರಿಂದ ನೂರು ಪ್ರತಿಮಾಡಿ ಊರೂರಿಗೆ ಹಬ್ಬಿಸಿದರು. ಹೊಸ ಯಂತ್ರದೊಳಗೆ ಹಳೆಯ ಕಟ್ಟಳೆ ಮತ್ತೆ ಉಸಿರಾಡಿತೆಂದರೆ ಅತಿಶಯೋಕ್ತಿಯಲ್ಲ. ಆ ಕಾಲದ ಸೊಮಾಲಿಯಾದಲ್ಲಿ ಆಳುವವರ ಪರವೂ ವಿರೋಧವೂ ಒಂದೇ ನಿಯಮಕ್ಕೆ ಒಳಪಟ್ಟು ಎದುರೆದುರು ವಾದಿಸಿದ ಸಭೆ ಈ ದಕಾರದ ಸಭೆಯೊಂದೇ ಎಂದು ತೋರುತ್ತದೆ.

೫

ಇದೇ ಕಾಲದ ಚರಿತ್ರೆಯನ್ನು ಗದ್ಯದಲ್ಲಿ ಹಿಡಿದಿಟ್ಟವನು ನೂರುದ್ದೀನ್ ಫಾರಾ. ೧೯೪೫ರಲ್ಲಿ ಬೈದೋವದಲ್ಲಿ ಹುಟ್ಟಿದ ಇವನ ತಾಯಿ ಸ್ವತಃ ಕವಯಿತ್ರಿ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ಬರೆದ ಮೊದಲ ಕಾದಂಬರಿ ೧೯೭೦ರಲ್ಲಿ ಪ್ರಕಟವಾಯಿತು. ಹೊಸ ಲಿಪಿ ಬಂದೊಡನೆ ಇವನು ಸೊಮಾಲಿಯಲ್ಲಿಯೇ ಒಂದು ಕಾದಂಬರಿಯನ್ನು ಪತ್ರಿಕೆಯಲ್ಲಿ ಭಾಗಭಾಗವಾಗಿ ಪ್ರಕಟಿಸತೊಡಗಿದನು. ೧೯೭೩ರಲ್ಲಿ ಸರ್ಕಾರದ ಪರಿಶೋಧಕರು ಅದನ್ನು ನಡುವೆಯೇ ನಿಲ್ಲಿಸಿದರು. ೧೯೭೬ರ ಇಂಗ್ಲಿಷ್ ಕಾದಂಬರಿಯಿಂದ ಆಳುವವರ ಕೋಪ ಬೆಳೆದು, ವಿದೇಶದಲ್ಲಿದ್ದವನು ಅಲ್ಲಿಯೇ ಉಳಿಯಬೇಕಾಯಿತು. ಮತ್ತೆ ತಾಯ್ನಾಡನ್ನು ಕಂಡುದು ೧೯೯೬ರಲ್ಲಿ.

ದೇಶಭ್ರಷ್ಟನಾಗಿ ಬರೆದ ಮೂರು ಇಂಗ್ಲಿಷ್ ಕಾದಂಬರಿಗಳು, ಎಂದರೆ ‘ಸ್ವೀಟ್ ಅಂಡ್ ಸೌರ್ ಮಿಲ್ಕ್’ (೧೯೭೯), ‘ಸಾರ್ಡೀನ್ಸ್’ (೧೯೮೧), ‘ಕ್ಲೋಸ್ ಸೆಸಮೀ’ (೧೯೮೩), ಒಂದು ಸರ್ವಾಧಿಕಾರದ ಸುತ್ತ ಹೆಣೆದವು. ಮೊದಲನೆಯದರಲ್ಲಿ ಸೊಯಾನನೆಂಬ ತರುಣ ಅಧಿಕಾರಿ ಶಂಕಾಸ್ಪದವಾಗಿ ಸಾಯುತ್ತಾನೆ. ಅವನು ಗುಪ್ತವಾಗಿ ಸೇನಾಪತಿಯ ವಿರೋಧಿ. ಸರ್ಕಾರವಾದರೋ ಅವನ ಕೊನೆಯ ಮಾತು ಸೇನಾಪತಿಯ ಸ್ತುತಿಯಾಗಿತ್ತೆಂದು ಸಾರಿ, ಅವನನ್ನು ಕ್ರಾಂತಿಯ ವೀರನನ್ನಾಗಿ ಮಾಡುತ್ತದೆ. ಅದಕ್ಕೆ ಸಾಕ್ಷಿ ನುಡಿಯುವವನು ಹೆತ್ತ ತಂದೆ! ಅವಳಿ ಸಹೋದರನಾದ ಲೊಯಾನನು ನಿಜವನ್ನು ಹುಡುಕುತ್ತ ಹೊರಡುವುದೇ ಕಥೆ. ಇದನ್ನು ಪತ್ತೇದಾರಿಯ ಮಾದರಿಯ ರಾಜಕೀಯ ಕಾದಂಬರಿಯೆಂದು ಓದುವುದು ವಾಡಿಕೆ. ಸೊಮಾಲಿ ಕಾವ್ಯಧರ್ಮವನ್ನು ಬಲ್ಲ ವಾಚಕನಿಗೆ ಇದು ಅದಕ್ಕಿಂತ ಘೋರವಾದ ಅಪರಾಧದ ಕಥೆ. ಸತ್ತವನ ಬಾಯಲ್ಲಿ ಅವನಾಡದ ಮಾತನ್ನಿಟ್ಟು ಅವನ ಹೆಸರಿನಿಂದ ಪ್ರಚಾರಮಾಡುವುದು ಪಾಠಕಧರ್ಮದ ಮೂಲಕ್ಕೇ ಕೊಡಲಿ. ಕರ್ತೃವಿನ ಹೆಸರು ಸುಳ್ಳು, ಪಾಠ ಸುಳ್ಳು, ಮರುನುಡಿಯ ದಾರಿ ಮುಚ್ಚಿದೆ. ಆ ಕಾದಂಬರಿಯ ಗೂಢಚಾರರು ಬರೆದು ದಾಖಲೆಯಿಡುವವರಲ್ಲ. ಕೇಳಿ ಬಂದು ಹೇಳುವವರು. ಬಾಯಿಮಾತಿನ ಸಂಸ್ಕೃತಿಯನ್ನು ದೊರೆತನವು ತನ್ನ ಕಿವಿಯನ್ನಾಗಿ ತಿರುಗಿಸಿಕೊಂಡ ಬಗೆಯನ್ನು ಫಾರಾ ಕಂಡಷ್ಟು ಸ್ಪಷ್ಟವಾಗಿ ಕಂಡವರು ವಿರಳ.

ಮೂರನೆಯ ಕಾದಂಬರಿಯ ನಾಯಕ ದೇರಿಯೆ ಇಟಲಿಯವರ ಕಾಲದಲ್ಲಿ ಸೆರೆ ಕಂಡ ವೃದ್ಧ, ದೈವಭಕ್ತ, ಸಯ್ಯಿದನ ಪದ್ಯಗಳನ್ನು ಎದೆಯಲ್ಲಿಟ್ಟುಕೊಂಡವನು. ಮಗನು ಸೇನಾಪತಿಯ ವಿರುದ್ಧದ ಒಳಸಂಚಿನಲ್ಲಿ ಕಾಣೆಯಾಗಿ ಸತ್ತಮೇಲೆ ಮುದುಕನು ತಾನೇ ಪಿಸ್ತೂಲು ಹಿಡಿದು ಹೊರಟು, ಗುರಿ ಮುಟ್ಟದೆ ಗುಂಡಿಗೆ ಬಲಿಯಾಗುತ್ತಾನೆ. ಜಪಸರವು ಪಿಸ್ತೂಲಿಗೆ ತೊಡರಿಕೊಂಡಿತೆಂದು ಜನ ಆಡಿಕೊಳ್ಳುತ್ತಾರೆ. ಈ ಮುಕ್ತಾಯವು ಕರುಣಾಜನಕವಷ್ಟೇ ಅಲ್ಲ, ವಿಚಾರಪೂರ್ಣವೂ ಹೌದು. ಫಾರಾನ ವಿದ್ಯಾವಂತ ವಿರೋಧಿಗಳು ಗುಟ್ಟಿನ ಟಿಪ್ಪಣಿಗಳನ್ನು ಬರೆದು ಬಚ್ಚಿಡುವರು, ಸಂಕೇತಗಳಲ್ಲಿ ಮಾತನಾಡುವರು, ಒಬ್ಬೊಬ್ಬರಾಗಿ ಸಿಕ್ಕಿಬೀಳುವರು. ಗುಟ್ಟನ್ನು ಆಶ್ರಯಿಸಿದ ದೊರೆತನವನ್ನು ಗುಟ್ಟಿನಿಂದಲೇ ಎದುರಿಸಹೊರಟು ಅವರೂ ಬಹಿರಂಗದ ಮರುನುಡಿಯನ್ನು ಕಳೆದುಕೊಂಡಿರುವರು. ಸಯ್ಯಿದನ ನೆನಪುಳ್ಳ ದೇರಿಯೆಯ ಕೈಗೂ ಕೊನೆಗೆ ಉಳಿದುದು ಪದ್ಯವಲ್ಲ, ಪಿಸ್ತೂಲು.

ಈ ಕೃತಿಗಳಲ್ಲಿ ಕೊರತೆಯಿಲ್ಲದಿಲ್ಲ. ಪಾತ್ರಗಳು ಬಹುಮಟ್ಟಿಗೆ ನಗರದ, ವಿದೇಶದಲ್ಲಿ ಓದಿದ ಮನೆತನಗಳವರು. ಒಂಟೆಗಾಹಿಯ ನುಡಿ ಅಲ್ಲಿ ಅಪರೂಪ. ‘ಸಾರ್ಡೀನ್ಸ್’ ಕಾದಂಬರಿಯ ಮದೀನ ಪತ್ರಿಕೆಯ ಸಂಪಾದಕತ್ವವನ್ನು ಕಳೆದುಕೊಂಡು ಬರೆಹವನ್ನೇ ನಿಷೇಧಿಸಿಕೊಂಡವಳು. ಹೆಂಗಸಿಗೆ ಮರುನುಡಿಯನ್ನು ನಿರಾಕರಿಸಿದ ಹಳೆಯ ಅನ್ಯಾಯವನ್ನೂ ಹೊಸ ಅನ್ಯಾಯವನ್ನೂ ಆ ಪಾತ್ರದಲ್ಲಿ ಒಂದಾಗಿ ಕಾಣಿಸಿರುವುದು ಫಾರಾನ ಹಿರಿಮೆ. ಆದರೆ ಅವಳ ಮಾತು ಕೆಲವೆಡೆ ಸಂಭಾಷಣೆಯನ್ನು ಮೀರಿ ಉಪನ್ಯಾಸವಾಗುತ್ತದೆ. ಎಲ್ಲಕ್ಕಿಂತ ದೊಡ್ಡದಾದ ತೊಡಕು ಭಾಷೆಯದು. ಮರುನುಡಿಯ ನಾಶವನ್ನು ವರ್ಣಿಸುವ ಗ್ರಂಥಗಳು ಬಹುಮಂದಿ ಸೊಮಾಲಿಗಳು ಮರುನುಡಿಯಲಾರದ ಭಾಷೆಯಲ್ಲಿವೆ. ಇದರ ದೋಷವನ್ನು ಗ್ರಂಥಕರ್ತನ ಮೇಲೆ ಹೊರಿಸುವುದು ಸಲ್ಲದು. ಸ್ವಭಾಷೆಯಲ್ಲಿ ಬರೆದುದನ್ನು ನಿಲ್ಲಿಸಿದವರು ಬೇರೆಯವರು. ಆದರೂ ನಷ್ಟವು ನಷ್ಟವೇ.

೬

ಮುಂದಿನ ಚರಿತ್ರೆ ದಾರುಣವಾದುದು. ೧೯೮೮ರ ಮೇ ತಿಂಗಳ ಕೊನೆಯಲ್ಲಿ ಸೊಮಾಲಿ ರಾಷ್ಟ್ರೀಯ ಚಳವಳಿಯ ದಳಗಳು ಬುರಾವ್, ಹರ್ಗೇಸ ನಗರಗಳನ್ನು ಹೊಕ್ಕಾಗ ಸರ್ಕಾರವು ಹರ್ಗೇಸದ ವಿಮಾನನಿಲ್ದಾಣದಿಂದಲೇ ವಿಮಾನಗಳನ್ನೇರಿಸಿ ಹರ್ಗೇಸದ ಮೇಲೆ ಬಾಂಬು ಹಾಕಿಸಿತು. ಲಕ್ಷಾಂತರ ಮಂದಿ ಗಡಿದಾಟಿ ಇಥಿಯೋಪಿಯಕ್ಕೆ ಓಡಿದರು. ಆ ಕೋಲಾಹಲದಲ್ಲಿ ರೇಡಿಯೋ ನಿಲಯದ ಧ್ವನಿಸುರುಳಿಗಳು ಹಾಳಾಗಬಾರದೆಂದು ಅವುಗಳನ್ನು ನೆಲದಲ್ಲಿ ಹೂತಿಟ್ಟವರೂ ಇದ್ದರು. ಹೀಗೆ ಉಳಿದ ಹಾಡುಗಳು ಮುಂದೆ ಹರ್ಗೇಸದ ಸಂಗ್ರಹಾಲಯವನ್ನು ಸೇರಿದುವು. ೧೯೯೧ರ ಜನವರಿಯಲ್ಲಿ ಬರ್ರೆ ಮೊಗದಿಶುವನ್ನು ಬಿಟ್ಟೋಡಿದನು. ಅದೇ ವರ್ಷ ಮೇ ೧೮ರಂದು ಉತ್ತರಭಾಗವು ಸೊಮಾಲಿಲ್ಯಾಂಡ್ ಎಂಬ ಹೆಸರಿನಿಂದ ಪ್ರತ್ಯೇಕತೆಯನ್ನು ಸಾರಿತು. ದಕ್ಷಿಣದಲ್ಲಿ ದಂಡನಾಯಕರ ಕಾದಾಟ, ೧೯೯೨ರ ಕ್ಷಾಮ, ಪರರಾಷ್ಟ್ರಗಳ ಸೇನೆಗಳ ಆಗಮನ ನಿರ್ಗಮನಗಳು ಒಂದರ ಹಿಂದೊಂದು ನಡೆದುವು.

ಈ ಘಟ್ಟದಲ್ಲಿ ಕಾವ್ಯವೂ ನಿರಪರಾಧಿಯಾಗಿ ಉಳಿಯಲಿಲ್ಲ. ದೇಲ್ಲೇಯನ್ನು ಹೊತ್ತು ತಿರುಗಿದ ಕ್ಯಾಸೆಟ್ಟೇ ಒಂದೊಂದು ಕುಲದ ರೋಷವನ್ನೂ ಹೊತ್ತಿತು. ಆದರೆ ಭೇದವನ್ನು ಗಮನಿಸತಕ್ಕುದು. ಗುಬ ಪದ್ಯವು ಎದುರು ಕುಲದ ಮುಖಕ್ಕೆ ನುಡಿದುದು. ತನ್ನವರ ಕಿವಿಗೆ ಮಾತ್ರ ಹಾಡಿದ ದ್ವೇಷಗೀತಕ್ಕೆ ಎದುರಾಳಿಯೇ ಇಲ್ಲ. ಎದುರಾಳಿಯಿಲ್ಲದ ಪದ್ಯಕ್ಕೆ ಹೊಣೆಯೂ ಇಲ್ಲ. ಇಪ್ಪತ್ತೊಂದು ವರ್ಷಗಳ ಬಲಾತ್ಕಾರದ ಮೌನವು ಕುಲಾಭಿಮಾನವನ್ನು ಅಳಿಸಲಿಲ್ಲ. ಅದಕ್ಕೆ ಉತ್ತರ ಹೇಳುವ ಅಭ್ಯಾಸವನ್ನು ಮಾತ್ರ ಅಳಿಸಿತು.

ಇದಕ್ಕೆ ಪ್ರತಿಯಾದ ದೃಷ್ಟಾಂತಗಳೂ ಉಂಟು. ೧೯೯೩ರಲ್ಲಿ ಬೊರಾಮ ಪಟ್ಟಣದಲ್ಲಿ ಉತ್ತರದ ಕುಲವೃದ್ಧರು ತಿಂಗಳುಗಟ್ಟಲೆ ಸಭೆ ಸೇರಿ ಆಳಿಕೆಯ ಕ್ರಮವನ್ನು ಮಾತಿನಿಂದಲೇ ನಿರ್ಣಯಿಸಿಕೊಂಡರು. ೨೦೦೩ರಲ್ಲಿ, ಅರುವತ್ತು ವರ್ಷದ ಹದ್ರಾವಿ, ಯುದ್ಧ ನಿಲ್ಲಲೆಂದು ಕಾಲ್ನಡಿಗೆಯಲ್ಲಿ ಹೊರಟು, ದಕ್ಷಿಣದ ಊರುಗಳನ್ನೂ ಸುತ್ತಿ ಜನರೊಡನೆ ಮಾತನಾಡಿದನು. ಆ ನಡಿಗೆಯಿಂದ ಯುದ್ಧ ನಿಲ್ಲಲಿಲ್ಲ. ಮೂರು ವರ್ಷಗಳಲ್ಲಿಯೇ ಇಥಿಯೋಪಿಯದ ಸೇನೆ ಮೊಗದಿಶುವನ್ನು ಹೊಕ್ಕಿತು. ಆದರೆ ಆಯುಧವಿಲ್ಲದ ಕವಿಯೊಬ್ಬನು ಒಂದು ಕುಲದ ಎಲ್ಲೆಯಿಂದ ಇನ್ನೊಂದರ ಎಲ್ಲೆಗೆ ಕ್ಷೇಮವಾಗಿ ನಡೆದುಹೋದುದು ಆ ಹಳೆಯ ಗೌರವ ಪೂರ್ತಿಯಾಗಿ ನಶಿಸಿರಲಿಲ್ಲವೆಂಬುದಕ್ಕೆ ಸಾಕ್ಷಿ. ೨೦೨೨ರಲ್ಲಿ ಅವನು ಹರ್ಗೇಸದಲ್ಲಿ ಕಾಲವಾದನು.

ಇಷ್ಟರಿಂದ ಸಿದ್ಧಪಡುವುದೇನೆಂದರೆ: ಬರ್ಟನ್ನನ ಕಾಲದಿಂದ ಬಂದ ‘ಕವಿಗಳ ನಾಡು’ ಎಂಬ ಪ್ರಶಂಸೆ ಸುಳ್ಳಲ್ಲ, ಅಪೂರ್ಣ. ಕವಿಗಳು ಅನೇಕರಿದ್ದ ಮಾತ್ರಕ್ಕೆ ನಾಡು ಉಳಿಯುವುದಿಲ್ಲ; ಸೇನಾಪತಿಗೂ ಕವಿಗಳ ಕೊರತೆಯಿರಲಿಲ್ಲ. ಹಾಗೆಯೇ, ಕುಲವ್ಯವಸ್ಥೆಯೇ ಎಲ್ಲ ಕೇಡಿಗೂ ಮೂಲವೆಂಬ ವಾದವೂ ಅಪೂರ್ಣ. ಕುಲಗಳಿಗೆ ತಮ್ಮ ಕಲಹವನ್ನು ಹೆಸರಿಟ್ಟು ಆಡುವ, ಆಡಿದುದಕ್ಕೆ ಉತ್ತರ ಕೇಳುವ ಒಂದು ಶಿಸ್ತು ಇತ್ತು. ಆ ಶಿಸ್ತನ್ನು ಕೆಡಿಸಿದ ರಾಜ್ಯವು ಅದರ ಸ್ಥಳದಲ್ಲಿ ನ್ಯಾಯಸ್ಥಾನವನ್ನಾಗಲಿ ಸ್ವತಂತ್ರ ಪತ್ರಿಕೆಯನ್ನಾಗಲಿ ನಿಲ್ಲಿಸಲಿಲ್ಲ. ಗೂಢಚಾರನ ಕಿವಿಯನ್ನು ನಿಲ್ಲಿಸಿತು. ಸೊಮಾಲಿ ಕಾವ್ಯವನ್ನು ಅಭ್ಯಸಿಸುವವರು ಅದರ ಪ್ರಾಸವನ್ನು ಶ್ರವಣಸುಖವೆಂದು ಮಾತ್ರ ಎಣಿಸದೆ, ಒಬ್ಬನ ಮಾತನ್ನು ಮತ್ತೊಬ್ಬನು ತಿದ್ದದಂತೆ ಕಾಯ್ದ ಮುದ್ರೆಯೆಂದು ತಿಳಿದಲ್ಲಿ, ಆ ನಾಡಿನ ಕಾವ್ಯಕ್ಕೂ ಚರಿತ್ರೆಗೂ ನಡುವಣ ಗೋಡೆ ತಾನಾಗಿಯೇ ಇಲ್ಲವಾಗುವುದು.